ಕಪ್ಪು ಶೂ, ಕಪ್ಪಾದ ಉಗುರು

ಶಾಲೆ ಶುರುವಾಗಿ ಎರಡು ವಾರ ಆಗುತ್ತಿದ್ದಂತೆ ನನ್ನ ಕ್ಲಿನಿಕ್‌ಗೆ ಲೆಟರ್ ಕೇಳಿಕೊಂಡು ಬರುವ ಅಪ್ಪ-ಅಮ್ಮಂದಿರು ಹೆಚ್ಚಾಗುತ್ತಾರೆ. ಅವರು ಕೇಳುವುದು ಶೂ ಲೆಟರ್. ‘ಈ ಮಗುವಿಗೆ ಬೇರೆ ಶೂ ಹಾಕಲು ಬಿಡಿ’ ಅಂತ ನಾನು ಶಾಲೆಗೆ ಬರೆದುಕೊಡಬೇಕು. ಶಿವಮೊಗ್ಗದಲ್ಲಿ ಮಕ್ಕಳ ಮೂಳೆ ವೈದ್ಯನಾಗಿ ಕೆಲಸ ಮಾಡುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದಲೂ ಮಕ್ಕಳು ಬರುತ್ತಾರೆ. ಹೋದ ವರ್ಷ ಬಂದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ.

ನಾಲ್ಕನೇ ತರಗತಿ. ಎಡಗಾಲಿನ ಹೆಬ್ಬೆರಳ ಉಗುರು ಪೂರ್ತಿ ಕಪ್ಪಾಗಿತ್ತು, ಕೆಳಗೆ ರಕ್ತ ಹೆಪ್ಪುಗಟ್ಟಿತ್ತು. ಎರಡೂ ಹಿಮ್ಮಡಿಯಲ್ಲಿ ಶೂ ಕಚ್ಚಿದ ಗಾಯ. ನೋಡಲಾರದೆ ತಾಯಿ ಅವಳಿಗೆ ಮೆತ್ತನೆಯ ಕಪ್ಪು ಸ್ಪೋರ್ಟ್ಸ್ ಶೂ ಹಾಕಿ ಕಳಿಸಿದ್ದರು. ಅದರ ಸೋಲ್ ಮಾತ್ರ ಬಿಳಿ. ಸಂಜೆ ಡೈರಿಯಲ್ಲಿ ನೋಟ್ ಬಂತು: ನಾಳೆಯಿಂದ ಯೂನಿಫಾರ್ಮ್ ಶೂ ಇಲ್ಲದಿದ್ದರೆ ತರಗತಿಯೊಳಗೆ ಸೇರಿಸುವುದಿಲ್ಲ.

"ಅವರೇ ಹೇಳಿದ ಅಂಗಡೀಲಿ ತಗೊಂಡಿದ್ದು ಡಾಕ್ಟ್ರೇ. ಇವಳನ್ನ ಕರ್ಕೊಂಡು ಹೋಗಿರ್ಲಿಲ್ಲ. ಯಾವ ಕ್ಲಾಸು ಅಂತ ಕೇಳಿ ಒಂದು ನಂಬರ್ ಕೊಟ್ರು" ಅಂದರು ತಾಯಿ.

ನಾನು ನೆಲದ ಮೇಲೆ ದಿನಪತ್ರಿಕೆ ಹಾಸಿ ಹುಡುಗಿಯನ್ನು ನಿಲ್ಲಿಸಿದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆದು, ಕತ್ತರಿಸಿದೆ. ಆ ಕಾಗದದ ಪಾದವನ್ನು ಶೂ ಒಳಗೆ ತೂರಿಸಿದರೆ ಮುಂದೆ ಎರಡೂ ಬದಿ ಮಡಚಿಕೊಂಡಿತು. ತುದಿಯಲ್ಲೂ ಸುಕ್ಕಾಯಿತು. ತಾಯಿ ಅದನ್ನೇ ನೋಡುತ್ತಾ ಕುಳಿತರು. ಎರಡು ವಾರ ಅವರ ಮಗಳ ಪಾದ ಆ ಕಾಗದದ ಹಾಗೆಯೇ ಮಡಚಿಕೊಂಡಿತ್ತು.

ಶೂ ಬಗ್ಗೆ ಮನೆಗೂ ಶಾಲೆಗೂ ಜಗಳ ಆದಾಗ ಮಾತು ಯಾವಾಗಲೂ ಬಣ್ಣ, ಕಂಪನಿ, ದುಡ್ಡು, ಶಿಸ್ತು ಇವುಗಳ ಸುತ್ತ ತಿರುಗುತ್ತದೆ. ಪಾದದ ಮಾತೇ ಬರುವುದಿಲ್ಲ. ನನಗೆ ಬೇಸರ ತರಿಸುವುದು ಇದು. ಶೂ ಹೇಗೆ ಕಾಣಬೇಕು ಅಂತ ಶಾಲೆ ಹೇಳಲಿ, ತೊಂದರೆ ಇಲ್ಲ. ಎಷ್ಟು ಅಗಲ ಇರಬೇಕು, ಮುಂದೆ ಎಷ್ಟು ಜಾಗ ಬೇಕು, ಲೇಸೋ ವೆಲ್ಕ್ರೋನೋ ಅನ್ನುವುದನ್ನು ಮಗುವಿನ ಪಾದ ನೋಡಿ ಮನೆಯವರೇ ತೀರ್ಮಾನಿಸಬೇಕು.

ಮಕ್ಕಳ ಪಾದ ದೊಡ್ಡವರ ಪಾದದ ಚಿಕ್ಕ ಮಾದರಿಯಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅದರ ಎಷ್ಟೋ ಭಾಗ ಇನ್ನೂ ಎಳೆಯ, ಮೆದುವಾದ ಎಲುಬು. ಬಿಗಿ ಶೂ ಹಾಕಿದರೆ ಪಾದವೇ ಶೂಗೆ ಹೊಂದಿಕೊಂಡುಬಿಡುತ್ತದೆ. ಅದಕ್ಕೇ ಎಷ್ಟೋ ಮಕ್ಕಳು ನೋಯುತ್ತೆ ಅಂತ ಹೇಳುವುದೇ ಇಲ್ಲ. ಗಾಯ ಆದ ಮೇಲೆಯೇ ಗೊತ್ತಾಗುವುದು. ಪ್ರಾಥಮಿಕ ಶಾಲೆಯ ಮಗುವಿನ ಪಾದ ವರ್ಷಕ್ಕೆ ಸುಮಾರು ಒಂದು ನಂಬರ್‌ನಷ್ಟು ಬೆಳೆಯುತ್ತದೆ. ನಮ್ಮ ಅಂಗಡಿಗಳ ಶೂ ನಂಬರಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅಂಗುಲದ ಮೂರನೇ ಒಂದು ಭಾಗ, ಅಂದರೆ ಎಂಟೂವರೆ ಮಿಲಿಮೀಟರ್. ನಿಂತಾಗ ಉದ್ದನೆಯ ಬೆರಳಿನ ಮುಂದೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಜಾಗ ಇದ್ದರೆ ಸಾಕು, ಹೆಚ್ಚಿನ ಮಕ್ಕಳಿಗೆ ಒಂದು ವರ್ಷ ಬರುತ್ತದೆ. ಆದರೂ ದಸರಾ ರಜೆಯಲ್ಲಿ ಒಮ್ಮೆ ಪರೀಕ್ಷಿಸಿ. ಕೆಲವು ಮಕ್ಕಳು ಮೂರು ತಿಂಗಳಲ್ಲೇ ಜಿಗಿದುಬಿಡುತ್ತಾರೆ.

ಇಲ್ಲಿ ಅಪ್ಪ-ಅಮ್ಮಂದಿರಿಗೂ ಒಂದು ಮಾತು. ‘ಮುಂದಿನ ವರ್ಷಕ್ಕೂ ಆಗ್ಲಿ’ ಅಂತ ಎರಡು ನಂಬರ್ ದೊಡ್ಡ ಶೂ ತಂದು, ತುದಿಗೆ ಹತ್ತಿ ತುಂಬಿಸಿ ಕಳಿಸುತ್ತೀರಿ. ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ದೊಡ್ಡ ಶೂ ಕಾಲಿನಿಂದ ಜಾರದಂತೆ ಮಗು ಬೆರಳುಗಳನ್ನು ಮಡಚಿ ಹಿಡಿದುಕೊಂಡೇ ನಡೆಯುತ್ತದೆ. ಹಿಮ್ಮಡಿ ಮೇಲೆ ಕೆಳಗೆ ಉಜ್ಜಿ ಬೊಬ್ಬೆ ಏಳುತ್ತದೆ. ಓಡುವಾಗ ಮುಗ್ಗರಿಸುತ್ತದೆ. ಸಂಜೆ ಹೊತ್ತು, ಸಾಕ್ಸ್ ಹಾಕಿಸಿ, ನಿಲ್ಲಿಸಿ, ಎರಡೂ ಕಾಲಿನ ಅಳತೆ ತೆಗೆಯಿರಿ. ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ಸರಿಹೋಗುವುದನ್ನು ಕೊಳ್ಳಿ. ಮಗುವನ್ನು ಕರೆದೊಯ್ಯಲು ಆಗದಿದ್ದರೆ ಕತ್ತರಿಸಿದ ಕಾಗದದ ಪಾದವನ್ನಾದರೂ ಅಂಗಡಿಗೆ ತೆಗೆದುಕೊಂಡು ಹೋಗಿ.

ಇದೆಲ್ಲ ಹೊರದೇಶದ ಪುಸ್ತಕದಿಂದ ಬಂದ ತಿಳಿವಳಿಕೆ ಅಂತ ಅನ್ನಿಸಬಹುದು. ಆದರೆ ಈ ವಿಷಯದಲ್ಲಿ ಜಗತ್ತೇ ಓದಿದ ಅಧ್ಯಯನ ನಡೆದದ್ದು ನಮ್ಮ ಮಣಿಪಾಲದಲ್ಲಿ. ಮಕ್ಕಳ ಮೂಳೆ ವೈದ್ಯ ಡಾ. ಬೆಂಜಮಿನ್ ಜೋಸೆಫ್ ಮತ್ತು ಅವರ ಸಹೋದ್ಯೋಗಿ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆ ಗುರುತು ತೆಗೆದು ನೋಡಿದರು. 1992ರಲ್ಲಿ ಅದು ಪ್ರಕಟವಾಯಿತು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ, ಅಂದರೆ ಅಂಗಾಲಿನ ನಡುವೆ ಕಮಾನಿಲ್ಲದ ಪಾದ ಇತ್ತು. ಬರಿಗಾಲಲ್ಲಿ ಓಡಾಡುವ ಮಕ್ಕಳಲ್ಲಿ 2.8. ಪಾದರಕ್ಷೆ ಹಾಕುವವರಲ್ಲೂ ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಜಾಸ್ತಿ, ಸ್ಯಾಂಡಲ್, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಮೂರು ವರ್ಷದ ನಂತರ ಅದೇ ತಂಡದ ಇನ್ನೊಂದು ಅಧ್ಯಯನ ಬಂತು. ಈ ಸಲ 1,846 ದೊಡ್ಡವರನ್ನು ನೋಡಿದರು. ಚಿಕ್ಕ ವಯಸ್ಸಿನಲ್ಲೇ ಶೂ ಹಾಕಲು ಶುರು ಮಾಡಿದವರಲ್ಲಿ ಚಪ್ಪಟೆ ಪಾದ ಹೆಚ್ಚಾಗಿ ಕಂಡಿತು.

ಇದನ್ನು ಓದಿ ಗಾಬರಿಯಾಗಬೇಡಿ. ಚಪ್ಪಟೆ ಪಾದ ಇರುವ ಹೆಚ್ಚಿನ ಮಕ್ಕಳಿಗೆ ನೋವೂ ಇರುವುದಿಲ್ಲ, ಚಿಕಿತ್ಸೆಯೂ ಬೇಕಾಗುವುದಿಲ್ಲ. ಆರು ವರ್ಷದೊಳಗಿನ ಮಗುವಿನ ಅಂಗಾಲು ಚಪ್ಪಟೆಯಾಗಿ ಕಾಣುವುದು ಸಹಜ. ಸುಮ್ನೆ ದುಬಾರಿ ಇನ್‌ಸೋಲ್ ಕೊಳ್ಳಬೇಡಿ. ಎಲ್‌ಕೆಜಿ ಮಗುವಿಗೆ ಗಟ್ಟಿ ಶೂ ಹಾಕಿಸಿದರೆ ಕಾಲು ಚೆನ್ನಾಗಿ ಬೆಳೆಯುತ್ತದೆ ಅನ್ನುವ ನಂಬಿಕೆ ಇದೆಯಲ್ವಾ, ಅದಕ್ಕೆ ಆಧಾರ ಇಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಪುಟ್ಟ ಮಕ್ಕಳು ತರಗತಿಯೊಳಗೆ ಶೂ ಬಿಚ್ಚಿ ಕೂರಲಿ ಅಂತ ನನ್ನನ್ನು ಕೇಳಿದ ಶಾಲೆಗಳಿಗೆಲ್ಲ ಹೇಳುತ್ತೇನೆ.

ಅಗಲದ ವಿಷಯವೂ ಹಾಗೆಯೇ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಸಾಮಾನ್ಯವಾಗಿ ಅಗಲ ಅಂತ ಅದರಲ್ಲಿ ಕಂಡಿತು. ನಾವು ಬಳಸುವ ನಂಬರುಗಳು ಇಂಗ್ಲೆಂಡ್, ಯುರೋಪಿನವು. ಅಗಲ ಸಾಲದೆ ಹೋದಾಗ ಜನ ಉದ್ದದ ನಂಬರ್ ಏರಿಸುತ್ತಾರೆ. ಆಮೇಲೆ ಹಿಮ್ಮಡಿ ಸಡಿಲ. ಹಾಗಿರುವಾಗ ಒಂದೇ ಕಂಪನಿಯ ಒಂದೇ ಮಾದರಿಯ ಶೂ ಒಂದು ಶಾಲೆಯ ಎಂಟುನೂರು ಮಕ್ಕಳಿಗೂ ಆಗಬೇಕು ಅಂದರೆ ಹೇಗೆ?

ಇನ್ನು ನಮ್ಮ ಮಳೆ. ಆಗುಂಬೆ, ಹುಲಿಕಲ್ ಕಡೆಯ ಮಗು ಜುಲೈನಲ್ಲಿ ಬಸ್ಸಿಗೆ ನಡೆದು ಬರುವಷ್ಟರಲ್ಲೇ ಶೂ ಒಳಗೆ ನೀರು. ಸಂಜೆ ನಾಲ್ಕೂವರೆವರೆಗೆ ಆ ಒದ್ದೆ ನೈಲಾನ್ ಸಾಕ್ಸ್‌ನಲ್ಲೇ ಕೂರಬೇಕು. ಬೆರಳ ಸಂದಿ ಬೆಳ್ಳಗಾಗಿ, ಮೆತ್ತಗಾಗಿ, ಒಡೆಯುತ್ತದೆ. ಅಂಗಾಲಿನ ಚರ್ಮದಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ, ವಾಸನೆ ಬರುತ್ತದೆ. ಜೊತೆಯ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಒಬ್ಬ ಹುಡುಗ ಈ ವಾಸನೆಗೆ ನಾಚಿಕೊಂಡೇ ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದಿದ್ದ. ಮನೆಯಲ್ಲಿ ಆ ಶೂವನ್ನು ಬಚ್ಚಲೊಲೆಯ ಪಕ್ಕ ಇಟ್ಟು ಒಣಗಿಸುತ್ತಾರೆ. ರೆಕ್ಸಿನ್ ಬಿಸಿಗೆ ಸೆಟೆದು ಇನ್ನೂ ಗಟ್ಟಿಯಾಗುತ್ತದೆ, ಬೆಳಿಗ್ಗೆ ಅದೇ ಮೆತ್ತಗಾದ ಚರ್ಮವನ್ನು ಕೊರೆಯುತ್ತದೆ. ಒಲೆಯಿಂದ ದೂರ ಇಟ್ಟು, ಒಳಗೆ ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿದರೆ ಎಷ್ಟೋ ಮೇಲು. ಆದರೆ ಮಲೆನಾಡಿನ ಜುಲೈನಲ್ಲಿ ಒಂದೇ ಜೊತೆ ಶೂ ಒಂದು ರಾತ್ರಿಯಲ್ಲಿ ಪೂರ್ತಿ ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್‌ಗೆ ಅವಕಾಶ ಕೊಟ್ಟರೆ ಸಾಕು. ಹೀಗೆ ಮಾಡಿದ ಶಾಲೆಗಳಿವೆ. ಅಲ್ಲಿನ ಮಕ್ಕಳ ಶಿಸ್ತು ಕಡಿಮೆಯಾಗಿದ್ದು ನಾನು ಕಂಡಿಲ್ಲ.

ಶಾಲೆಯವರ ಮಾತನ್ನೂ ಕೇಳಿದ್ದೇನೆ. ಒಬ್ಬ ಹೆಡ್ ಮಿಸ್ ನನ್ನೆದುರು ಕುಳಿತು ಹೇಳಿದರು: "ಬಿಟ್ರೆ ಒಬ್ಬ ಆರು ಸಾವಿರದ ಶೂ ಹಾಕ್ಕೊಂಡು ಬರ್ತಾನೆ ಸರ್. ಪಕ್ಕದ ಹುಡುಗ ಮನೇಲಿ ಹೋಗಿ ಅಳ್ತಾನೆ. ಅವರಪ್ಪ ಆಟೋ ಓಡಿಸ್ತಾರೆ." ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಕ್ಕಳ ನಡುವೆ ಶೂವಿನಿಂದ ಮೇಲು-ಕೀಳು ಬರಬಾರದು. ಅದಕ್ಕೆ ‘ಪೂರ್ತಿ ಕಪ್ಪು, ಹೊರಗೆ ಕಂಪನಿಯ ಗುರುತು ಕಾಣಬಾರದು’ ಅಂತ ಒಂದು ಸಾಲು ಬರೆದರೆ ಸಾಕಾಗುತ್ತದೆ. ಅಂಗಡಿಯ ಹೆಸರು ಬರೆಯಬೇಕಾಗಿಲ್ಲ. ಆ ಹೆಡ್ ಮಿಸ್ ಅದನ್ನೇ ಮಾಡಿದರು.

ಕಾನೂನು ನನ್ನ ಕ್ಷೇತ್ರ ಅಲ್ಲ. ಆದರೆ ಲೆಟರ್ ಬರೆದೂ ಬರೆದೂ ಕೆಲವು ಸಂಗತಿ ಓದಿಕೊಂಡಿದ್ದೇನೆ. ಕರ್ನಾಟಕದ 1995ರ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮ ಸಮವಸ್ತ್ರದ್ದು. ಶಾಲೆ ತನ್ನ ಸಮವಸ್ತ್ರ ತಾನೇ ನಿಗದಿ ಮಾಡಬಹುದು. ಒಮ್ಮೆ ಮಾಡಿದರೆ ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ನಾನು ತುಂಬ ಗಟ್ಟಿಯಾಗಿ ಹೇಳುವುದು ಇನ್ನೊಂದನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಶೂ ಸರಿ ಇಲ್ಲ ಅಂತ ಬರಿಗಾಲಲ್ಲಿ ಕಾರಿಡಾರ್‌ನಲ್ಲಿ ನಿಲ್ಲಿಸಿದ ಮಗುವನ್ನು ನಾನು ನೋಡಿದ್ದೇನೆ. ಎಂಟು ವರ್ಷದ ಮಗು ತನ್ನ ಶೂ ತಾನೇ ಕೊಳ್ಳುವುದಿಲ್ಲ. ಮಾತಾಡಬೇಕಾದ್ದು ಅದರ ಮನೆಯವರ ಜೊತೆ.

ಸರ್ಕಾರಿ ಶಾಲೆಯ ಕಥೆ ಬೇರೆ. ಅಲ್ಲಿ ಶೂ ಭಾಗ್ಯ ಯೋಜನೆಯಲ್ಲಿ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸ್ ಸಿಗುತ್ತದೆ. ಕೊಳ್ಳುವುದು ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿ. ಒಂದರಿಂದ ಐದನೇ ತರಗತಿಯ ಮಗುವಿಗೆ 265 ರೂಪಾಯಿ, ಎಂಟರವರೆಗೆ 295, ಹತ್ತರವರೆಗೆ 325 ಅಂತ ದರ ಇಟ್ಟಿದ್ದರು. ಈ ದುಡ್ಡಿನಲ್ಲಿ ಒಳ್ಳೆಯ ಶೂ ತರಲು ಮೇಷ್ಟ್ರುಗಳು ಪಡುವ ಪಾಡು ನನಗೆ ಗೊತ್ತು. ಆದರೆ ಹವಾಗುಣ ನೋಡಿ ಶೂ ಬದಲು ಸ್ಯಾಂಡಲ್ ಕೊಳ್ಳಲು ಇಲಾಖೆಯ ಸುತ್ತೋಲೆಯೇ ಅವಕಾಶ ಕೊಟ್ಟಿದೆ. ಖಾಸಗಿ ಶಾಲೆಯವರು ಇದನ್ನಾದರೂ ನೋಡಲಿ. ಹೊಸನಗರದ ಕಡೆಯ ಒಬ್ಬ ಹುಡುಗ ಶೂವನ್ನು ಬ್ಯಾಗಿನೊಳಗೆ ಇಟ್ಟುಕೊಂಡು ಬರಿಗಾಲಲ್ಲಿ ನಡೆದು, ಶಾಲೆಯ ಗೇಟಿನಲ್ಲಿ ಹಾಕಿಕೊಳ್ಳುತ್ತಿದ್ದ. ಯಾಕೋ ಪುಟ್ಟಾ ಅಂದರೆ, "ನೆನೆದ್ರೆ ಹಾಳಾಗತ್ತೆ" ಅಂದ. ಅಂಗಾಲಿಗೆ ಮುಳ್ಳು ಮುರಿದು ಕೀವಾಗಿದ್ದಕ್ಕೆ ಅಜ್ಜಿ ನನ್ನ ಹತ್ತಿರ ಕರೆತಂದಿದ್ದರು.

ಲೆಟರ್ ನಿಜವಾಗಿ ಬೇಕಾದ ಮಕ್ಕಳಿದ್ದಾರೆ. ಹುಟ್ಟುವಾಗಲೇ ಒಂದು ಪಾದ ತಿರುಚಿಕೊಂಡಿದ್ದು ಪ್ಲಾಸ್ಟರ್ ಹಾಕಿ ಸರಿಮಾಡಿದ ಮಗುವಿಗೆ ಒಂದು ಪಾದ ಇನ್ನೊಂದಕ್ಕಿಂತ ಚಿಕ್ಕದಿರುತ್ತದೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವ ಮಗು ಕಾಲಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ಅದರ ಮೇಲೆ ಶೂ ಹಾಕಬೇಕು. ಮಾಮೂಲಿ ಶೂ ಒಳಗೆ ಅದು ಹೋಗುವುದೇ ಇಲ್ಲ. ಎಂಟರಿಂದ ಹದಿನಾಲ್ಕು ವರ್ಷದ, ಜಾಸ್ತಿ ಆಡುವ ಮಕ್ಕಳಿಗೆ ಹಿಮ್ಮಡಿ ಮೂಳೆಯ ಬೆಳೆಯುವ ಭಾಗದಲ್ಲಿ ನೋವು ಬರುತ್ತದೆ. ಸ್ಪೋರ್ಟ್ಸ್ ಡೇ ತಯಾರಿಯ ದಿನಗಳಲ್ಲಿ ತೆಳು ಸೋಲಿನ ಬಿಳಿ ಕ್ಯಾನ್ವಾಸ್ ಹಾಕಿ ಓಡಿದ ಮಕ್ಕಳು ಸಾಲಾಗಿ ಬರುತ್ತಾರೆ. ಇವರಿಗೆ ಕೆಲವು ತಿಂಗಳು ಮೆತ್ತನೆಯ ಸೋಲ್ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯ ಇರುವ ಮಗುವಿನ ಅಗತ್ಯಕ್ಕೆ ತಕ್ಕ ಏರ್ಪಾಡು ಮಾಡಿಕೊಡಬೇಕು ಅಂತ ಶಾಲೆಗಳಿಗೆ ಹೇಳುತ್ತದೆ. ಇಂಥವರಿಗೆ ಅವರು ಕೇಳುವ ಮೊದಲೇ ನಾನು ಬರೆದುಕೊಡುತ್ತೇನೆ. ಆದರೆ ಅಗಲ ಪಾದಕ್ಕೆ, ಒದ್ದೆ ಕಾಲಿಗೆ ವೈದ್ಯರ ಸರ್ಟಿಫಿಕೇಟ್ ಯಾಕೆ ಬೇಕು? ಒಂದು ಅಗಲ ಶೂ ಹಾಕಲು ರಜೆ ಹಾಕಿ, ಬಸ್ ಹತ್ತಿ, ಫೀಸು ಕೊಟ್ಟು ನನ್ನ ಹತ್ತಿರ ಬರಬೇಕಾದ ತಾಯಿಯನ್ನು ಕಂಡರೆ ಸಂಕಟವಾಗುತ್ತದೆ.

ಆ ಹುಡುಗಿಗೆ ನಾನು ಬರೆದದ್ದು ಮೂರೇ ಸಾಲು. ಕಪ್ಪು ಬಣ್ಣದ, ಮುಂದೆ ಅಗಲ ಇರುವ, ಮೆತ್ತನೆಯ ಶೂ ಬೇಕು. ಸೋಲಿನ ಬಣ್ಣ ಯಾವುದಾದರೂ ಆಗಬಹುದು. ವಿವರ ಬೇಕಿದ್ದರೆ ನನಗೆ ಫೋನ್ ಮಾಡಿ. ಜೊತೆಗೆ ಆ ಕಾಗದದ ಪಾದವನ್ನೂ ಲಕೋಟೆಯಲ್ಲಿ ಇಟ್ಟುಕೊಟ್ಟೆ. ಶಾಲೆಯಿಂದ ಫೋನ್ ಬರಲಿಲ್ಲ. ಅವಳನ್ನು ತರಗತಿಗೆ ಸೇರಿಸಿಕೊಂಡರು, ನಿಯಮ ಹಾಗೆಯೇ ಉಳಿಯಿತು.

ಆಗಸ್ಟ್‌ನಲ್ಲಿ ಅವಳ ಕಪ್ಪು ಉಗುರು ಕಳಚಿ ಬಿತ್ತು. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರ್ ಅಷ್ಟೇ. ಜನವರಿಯಲ್ಲಿ ತೋರಿಸಲು ಬಂದಾಗ ಅರ್ಧ ಬಂದಿತ್ತು. ಮತ್ತೆ ಪೇಪರ್ ಮೇಲೆ ನಿಲ್ಲಿಸಿ ಗೆರೆ ಎಳೆದೆವು. ಪಾದ ಐದು ಮಿಲಿಮೀಟರ್ ಬೆಳೆದಿತ್ತು. ಈ ಸಲ ಪೆನ್ಸಿಲ್ ಹಿಡಿದದ್ದು ಅವಳ ತಾಯಿ.