‘ಅಸ್ಸುಂತಾ ಸ್ಪೀನಾ’ ನಿರ್ದೇಶಿಸಿದ್ದು ಯಾರು?

1915ರ ಇಟಲಿಯ ಮೂಕಿ ಚಿತ್ರ ‘ಅಸ್ಸುಂತಾ ಸ್ಪೀನಾ’. ಹಳೆಯ ಪಟ್ಟಿಗಳಲ್ಲಿ ಇದರ ನಿರ್ದೇಶಕ ಗುಸ್ತಾವೊ ಸೆರೆನಾ. ಈಗಿನ ಪಟ್ಟಿಗಳಲ್ಲಿ ಅವರ ಜೊತೆ ನಾಯಕಿ ಫ್ರಾಂಚೆಸ್ಕಾ ಬೆರ್ತೀನಿ ಹೆಸರೂ ಇರುತ್ತದೆ. ಚಿತ್ರ ಬದಲಾಗಿಲ್ಲ, ನಿರ್ದೇಶಕರ ಹೆಸರು ಬದಲಾಯಿತು. ಹೇಗೆ?

ಸೆರೆನಾ ಹುಟ್ಟಿದ್ದು 1881ರಲ್ಲಿ, ನೇಪಲ್ಸ್‌ನಲ್ಲಿ. ಮೊದಲು ಅವರು ನಟ. 1912ರ ‘ರೋಮಿಯೊ ಮತ್ತು ಜೂಲಿಯೆಟ್’ನಲ್ಲಿ ಅವರು ರೋಮಿಯೊ, ಬೆರ್ತೀನಿ ಜೂಲಿಯೆಟ್. ಮರುವರ್ಷ ‘ಕ್ವೊ ವಾಡಿಸ್’ ಬಂತು. ಇಟಲಿಯಾಚೆಗೂ ಜನ ಮುಗಿಬಿದ್ದು ನೋಡಿದ ಆ ಚಿತ್ರದಲ್ಲಿ ಅವರದು ಪೆಟ್ರೋನಿಯಸ್ ಪಾತ್ರ. ಅಲ್ಲಿಂದ ಎರಡು ವರ್ಷಕ್ಕೆ ರೋಮ್‌ನ ಸೀಸರ್ ಫಿಲ್ಮ್ ಎಂಬ ಚಿತ್ರ ಕಂಪನಿಯಲ್ಲಿ ನಿರ್ದೇಶಕರಾದರು. ಆದರೆ ನಟನೆ ಬಿಡಲಿಲ್ಲ. ಗೊಂದಲದ ಬೇರು ಇಲ್ಲೇ ಇದೆ.

‘ಅಸ್ಸುಂತಾ ಸ್ಪೀನಾ’ ಕತೆ ನೇಪಲ್ಸ್‌ನ ಲೇಖಕ ಸಾಲ್ವತೋರೆ ದಿ ಜಾಕೊಮೊ ಅವರ ನಾಟಕದ್ದು. ಬಟ್ಟೆ ಒಗೆದು ಇಸ್ತ್ರಿ ಮಾಡುವ ಹೆಣ್ಣು ಅಸ್ಸುಂತಾ. ಹೊಟ್ಟೆಕಿಚ್ಚಿನ ಪ್ರಿಯಕರ ಮಿಕೇಲೆ ಅವಳ ಮುಖಕ್ಕೆ ಚಾಕುವಿನಿಂದ ಗೀರುತ್ತಾನೆ. ಆದರೂ ಅವಳು ಕೋರ್ಟಿನಲ್ಲಿ ಅವನನ್ನು ಉಳಿಸಲು ನೋಡುತ್ತಾಳೆ. ಅವನನ್ನು ದೂರದ ಜೈಲಿಗೆ ಕಳಿಸದಂತೆ ನೋಡಿಕೊಳ್ಳಲು ಕೋರ್ಟಿನ ನೌಕರನೊಬ್ಬನಿಗೆ ತನ್ನನ್ನೇ ಒಪ್ಪಿಸಿಕೊಳ್ಳುತ್ತಾಳೆ.

ಚಿತ್ರ ಶುರುವಾಗುವುದೇ ನೇಪಲ್ಸ್‌ನ ಕಡಲಿನ ಮುಂದೆ ಶಾಲು ಹೊದ್ದು ನಿಂತ ಬೆರ್ತೀನಿಯಿಂದ. ಆ ಶಾಲೇ ಅರ್ಧ ಅಭಿನಯ ಮಾಡುತ್ತದೆ. ಬೀದಿಯ ದೃಶ್ಯಗಳನ್ನು ನೇಪಲ್ಸ್‌ನ ಬೀದಿಗಳಲ್ಲೇ ತೆಗೆದರು. ಕ್ಯಾಮೆರಾ ದೂರ ನಿಂತು ಸುಮ್ನೆ ನೋಡುತ್ತದೆ. ಆ ಕಾಲದ ಬೇರೆ ತಾರೆಯರ ಹಾಗಲ್ಲ, ಬೆರ್ತೀನಿ ಇಲ್ಲಿ ಜಾಸ್ತಿ ಕೈಕಾಲು ಆಡಿಸುವುದಿಲ್ಲ.

ಮಿಕೇಲೆಯಾಗಿ ನಟಿಸಿದವರು ಸೆರೆನಾನೇ. ಈಗಿನ ಹಾಗೆ ಮಾನಿಟರ್ ಇರಲಿಲ್ಲ. ತಾನೇ ಕ್ಯಾಮೆರಾ ಮುಂದೆ ನಿಂತವನಿಗೆ ಚೌಕಟ್ಟಿನಲ್ಲಿ ಏನು ಕಾಣುತ್ತಿದೆ ಅಂತ ಹೇಗೆ ಗೊತ್ತಾಗಬೇಕು? ಇನ್ನೊಬ್ಬರ ಕಣ್ಣು ಬೇಕೇ ಬೇಕು, ಅಲ್ವಾ?

ಇಳಿವಯಸ್ಸಿನಲ್ಲಿ ಬೆರ್ತೀನಿ, ಆ ಚಿತ್ರ ನಿರ್ದೇಶಿಸಿದ್ದು ತಾನೇ ಎಂದರು. ಮರೆತುಹೋದ ತಾರೆಯ ಜಂಬ ಎಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ಆಕೆಯ ಪರವಾಗಿ ಸಾಕ್ಷಿ ಹೇಳಿದ್ದು ಸ್ವತಃ ಸೆರೆನಾ. ಆ ಪಾತ್ರದ ಹುಮ್ಮಸ್ಸಿನಲ್ಲಿ ಆಕೆ ಜ್ವಾಲಾಮುಖಿಯಂತಾಗಿದ್ದಳು ಎಂದು ಅವರು ನೆನೆದಿದ್ದಾರೆ. ಆಕೆ ನೇಪಲ್ಸ್ ಆಡುಮಾತಿನಲ್ಲಿ ಅಪ್ಪಣೆ ಕೊಡುತ್ತಿದ್ದರಂತೆ. ಗುಂಪಿನ ನಟರನ್ನು ಅತ್ತಿತ್ತ ನಿಲ್ಲಿಸುತ್ತಿದ್ದರು, ಕ್ಯಾಮೆರಾದ ಕೋನ ಬದಲಿಸುತ್ತಿದ್ದರು, ದೃಶ್ಯ ಒಪ್ಪಿಗೆಯಾಗದಿದ್ದರೆ ತನ್ನಿಷ್ಟದಂತೆ ಮತ್ತೆ ತೆಗೆಸುತ್ತಿದ್ದರು. ಇಷ್ಟೆಲ್ಲ ಮಾಡಿದವರನ್ನು ಬರೀ ‘ನಾಯಕಿ’ ಎಂದು ದಶಕಗಟ್ಟಲೆ ಬರೆದದ್ದು ನನಗಂತೂ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ಹಾಗಂತ ಸೆರೆನಾ ಹೆಸರು ಅಳಿಸಬೇಕಿಲ್ಲ. ನಾಯಕಿಯ ಮಾತು ನಡೆಯಲು ಬಿಡುವುದೂ ಒಂದು ಕೆಲಸವೇ.

ಮುಂದಿನದು ಬೇಗ ಮುಗಿಯುತ್ತದೆ. 1920ರ ದಶಕದಲ್ಲಿ ಇಟಲಿಯ ಚಿತ್ರೋದ್ಯಮ ಕುಸಿಯಿತು, ಆಮೇಲೆ ಮಾತಿನ ಚಿತ್ರ ಬಂತು. ಸೆರೆನಾ ಸಣ್ಣ ಪಾತ್ರಗಳಿಗೆ ಮರಳಿದರು. 1970ರಲ್ಲಿ ರೋಮ್‌ನಲ್ಲಿ ತೀರಿಕೊಂಡರು. ಬೆರ್ತೀನಿ ಇನ್ನೂ 15 ವರ್ಷ ಬದುಕಿದ್ದರು. ಆ ಚಿತ್ರದ ಬಗ್ಗೆ ಯಾರು ಕೇಳಿದರೂ ಆಮೇಲೆ ಉತ್ತರ ಹೇಳಲು ಇಬ್ಬರಲ್ಲಿ ಉಳಿದವರು ಅವರೊಬ್ಬರೇ.