ಹಾಕಿ ಸೀಸನ್ ನಡೆಸಬಹುದಾ? ಮೊದಲು ಬಸ್ಸು ನೋಡಿ, ಆಮೇಲೆ ಮೈದಾನ

ಕೋವಿಡ್ ಕಾಲದಲ್ಲಿ ದಾವಣಗೆರೆಯ ಕೋಚ್‌ಗಳು, ಪಿಇ ಮೇಷ್ಟ್ರುಗಳು, ಆಡುವ ಮಕ್ಕಳ ಅಪ್ಪಂದಿರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ‘ಡಾಕ್ಟ್ರೇ, ಟೂರ್ನಮೆಂಟ್ ಮಾಡಬಹುದಾ, ಬೇಡ್ವಾ?’ ನಾನು ಎದೆರೋಗದ ವೈದ್ಯ, ಆಟದ ಸಂಘದವನಲ್ಲ. ಆದರೂ ಪ್ರಶ್ನೆ ನನ್ನ ಹತ್ತಿರವೇ ಬರುತ್ತಿತ್ತು. 2025ರ ಜನವರಿಯಲ್ಲಿ ಎಚ್‌ಎಂಪಿವಿ ಅಂತ ಟಿವಿಯವರು ಗದ್ದಲ ಎಬ್ಬಿಸಿದಾಗ ಮತ್ತೆ ಅದೇ ಫೋನುಗಳು. ಅದು 2001ರಲ್ಲೇ ಪತ್ತೆಯಾದ ಹಳೇ ವೈರಸ್, ಆಟ ನಿಲ್ಲಿಸುವಂಥದ್ದೇನೂ ಇರಲಿಲ್ಲ. ಆದರೆ ಇನ್ನೊಂದು ದೊಡ್ಡ ಪಿಡುಗು ಬಂದರೆ ಏನು ಮಾಡಬೇಕು ಅನ್ನುವುದನ್ನು ಗದ್ದಲ ಇಲ್ಲದ ಹೊತ್ತಲ್ಲೇ ಮಾತಾಡಿಬಿಡುವುದು ಒಳ್ಳೆಯದು. ಹಾಕಿಯನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಇದರಲ್ಲಿ ಹಾಕಿಯಿಂದ ಕಲಿತದ್ದು ಬಹಳ ಇದೆ.

ನನ್ನ ಉತ್ತರ ಮೊದಲೇ ಹೇಳುತ್ತೇನೆ. ಸೀಸನ್ ನಡೆಸಬಹುದು. ಆದರೆ ಮೈದಾನದ ಆ ಒಂದೂವರೆ ಗಂಟೆ ನನಗೆ ದೊಡ್ಡ ಚಿಂತೆಯಲ್ಲ. ಉಳಿದ ಇಪ್ಪತ್ತೆರಡೂವರೆ ಗಂಟೆ ಆಟಗಾರರು ಎಲ್ಲಿರುತ್ತಾರೆ, ಯಾರ ಜೊತೆ ಉಣ್ಣುತ್ತಾರೆ, ಹೇಗೆ ಪ್ರಯಾಣ ಮಾಡುತ್ತಾರೆ, ಅದನ್ನು ಕಟ್ಟಿಹಾಕುವ ದುಡ್ಡು ಮತ್ತು ಜನ ಇದ್ದಾರಾ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಐಸ್ ಹಾಕಿಯಿಂದ ಶುರು ಮಾಡೋಣ. ನಮ್ಮೂರಿನ ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ ನಿಜ, ಆದರೆ ಪಾಠ ಸಿಗುವುದು ಅಲ್ಲೇ. 2020ರ ಜೂನ್ 16ರಂದು ಅಮೆರಿಕದ ಫ್ಲಾರಿಡಾದ ಟ್ಯಾಂಪಾ ಬೇ ಪ್ರದೇಶದಲ್ಲಿ ಒಂದು ಹವ್ಯಾಸಿ ಪಂದ್ಯ ನಡೆಯಿತು. ಎರಡೂ ತಂಡ ಸೇರಿ 22 ಆಟಗಾರರು. ಅವರಲ್ಲಿ ಒಬ್ಬನಿಗೆ ಮರುದಿನ ಜ್ವರದ ಲಕ್ಷಣ ಕಾಣಿಸಿತು. ಐದು ದಿನದೊಳಗೆ 14 ಆಟಗಾರರು ಮತ್ತು ರಿಂಕ್‌ನ, ಅಂದರೆ ಮಂಜುಗಡ್ಡೆಯ ಆಟದಂಗಳದ, ಒಬ್ಬ ಸಿಬ್ಬಂದಿ ಕಾಯಿಲೆ ಬಿದ್ದರು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದನ್ನು ಪ್ರಕಟಿಸಿತು. ಪಂದ್ಯದ ದಿನ ಆ ಆಟಗಾರ ಆರಾಮಾಗಿಯೇ ಇದ್ದ. ಕೋವಿಡ್‌ನ ಕಷ್ಟವೇ ಅದು. ಲಕ್ಷಣ ಬರುವ ಒಂದೆರಡು ದಿನ ಮೊದಲೇ ಹರಡುವುದು ಶುರು. ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಗನ್ ಹಿಡಿದು ಒಳಗೆ ಬಿಟ್ಟೆವಲ್ಲ, ಅದರಿಂದ ಇಂಥವನು ಸಿಕ್ಕಿಬೀಳುವುದಿಲ್ಲ.

ಐಸ್ ರಿಂಕ್‌ನಲ್ಲೇ ಯಾಕೆ ಇಷ್ಟು? ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಎಳೆದು ಬಿಡುತ್ತೇವೆ. ಜೋರಾಗಿ ಓಡುವ ಆಟಗಾರ ನೂರು ಲೀಟರ್ ದಾಟುತ್ತಾನೆ. ಮುಚ್ಚಿದ ಕಟ್ಟಡ, ಮಂಜುಗಡ್ಡೆಯ ಮೇಲೆ ತಣ್ಣಗೆ ಕೂತ ಗಾಳಿ, ಸುತ್ತ ಎತ್ತರದ ಪಾರದರ್ಶಕ ಗೋಡೆ. ತಣ್ಣನೆ ಗಾಳಿ ಭಾರ, ಬೇಗ ಮೇಲೇಳುವುದಿಲ್ಲ. ಒಬ್ಬ ಬಿಟ್ಟ ಉಸಿರು ಅಲ್ಲೇ ಸುಳಿದಾಡುತ್ತದೆ. ಇನ್ನು ಬೆಂಚು. ಮುಕ್ಕಾಲು ನಿಮಿಷ ಆಡಿ ಏದುಸಿರು ಬಿಡುತ್ತಾ ಬಂದು ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಡ್ರೆಸ್ಸಿಂಗ್ ರೂಮಿನದು ಬೇರೆ ಕಥೆ.

ನಾವು ಆಡುವ ಹಾಕಿ ಬಯಲಿನದು. ಹೈಸ್ಕೂಲ್ ಮೈದಾನದಲ್ಲೋ ಜಿಲ್ಲಾ ಕ್ರೀಡಾಂಗಣದಲ್ಲೋ ಸಂಜೆ ಗಾಳಿ ಬೀಸುವಾಗ 22 ಜನ ಓಡಾಡಿದರೆ ಸೋಂಕು ಹರಡುವ ಸಾಧ್ಯತೆ ಬಹಳ ಕಡಿಮೆ. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್, ಟ್ಯಾಕಲ್‌ನಲ್ಲಿ ಕೆಲವೇ ಸೆಕೆಂಡು ಹತ್ತಿರ, ಆಮೇಲೆ ದೂರ. ಹಾಗಾದರೆ ನಮ್ಮ ಆಟಗಾರರಿಗೆ ಕೋವಿಡ್ ಹೇಗೆ ಬಂತು?

ಬೆಂಗಳೂರನ್ನೇ ನೋಡಿ. 2020ರ ಲಾಕ್‌ಡೌನ್ ಶುರುವಾದಾಗ ಭಾರತದ ಪುರುಷ ಮತ್ತು ಮಹಿಳಾ ತಂಡಗಳು ಅಲ್ಲಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೇ ಸಿಕ್ಕಿಕೊಂಡಿದ್ದವು. ತಿಂಗಳುಗಟ್ಟಲೆ ಕ್ಯಾಂಪಸ್ಸಿನೊಳಗೆ. ಆಗ ಅವರಿಗೆ ಏನೂ ಆಗಲಿಲ್ಲ. ಜೂನ್‌ನಲ್ಲಿ ರಜೆ ಕೊಟ್ಟು ಊರಿಗೆ ಕಳಿಸಿದರು. ಆಗಸ್ಟ್‌ನಲ್ಲಿ ವಾಪಸ್ ಬಂದಾಗ ನಾಯಕ ಮನ್‌ಪ್ರೀತ್ ಸಿಂಗ್ ಸೇರಿ ಐವರಿಗೆ ಪಾಸಿಟಿವ್, ಆಮೇಲೆ ಮನ್‌ದೀಪ್ ಸಿಂಗ್ ಆರನೆಯವರು. ಮನ್‌ದೀಪ್‌ಗೆ ಆಕ್ಸಿಜನ್ ಕಡಿಮೆಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಊರಿನಿಂದ ಒಟ್ಟಿಗೆ ಬರುವ ದಾರಿಯಲ್ಲಿ ತಗುಲಿರಬಹುದು ಎಂದು ಸಾಯ್ ಹೇಳಿತು. ನನಗೆ ಆಶ್ಚರ್ಯ ಆಗಲಿಲ್ಲ.

ನಮ್ಮ ಜಿಲ್ಲೆಯ ತಂಡವೊಂದು ಬೆಂಗಳೂರಿಗೆ ಹೋಗುವುದು ಹೇಗೆ ಅಂತ ನಿಮಗೆ ಗೊತ್ತು. ಒಂದು ಟೆಂಪೋ ಟ್ರಾವೆಲರ್. ಹದಿನಾರು ಹುಡುಗರು, ಕೋಚು, ಮ್ಯಾನೇಜರು. ಸ್ಟಿಕ್ಕಿನ ಬ್ಯಾಗುಗಳು ನಡುದಾರಿಯಲ್ಲಿ, ಗೋಲ್‌ಕೀಪರ್‌ನ ಪ್ಯಾಡು ಹಿಂದಿನ ಸೀಟಿನ ಮೇಲೆ, ಬೆವರಿನ ವಾಸನೆ ಗಾಡಿ ತುಂಬ. ಎಸಿ ಅಂತ ಕಿಟಕಿ ಪೂರ್ತಿ ಮುಚ್ಚಿರುತ್ತದೆ. ಹೆದ್ದಾರಿಯಲ್ಲಿ 260 ಕಿಲೋಮೀಟರ್, ಐದು ಗಂಟೆ, ಚಿತ್ರದುರ್ಗ ದಾಟುವಷ್ಟರಲ್ಲಿ ಅಂತ್ಯಾಕ್ಷರಿ ಶುರು. ಹಾಡುವಾಗ, ಕಿರುಚುವಾಗ ಬಾಯಿಂದ ಹೊರಬೀಳುವ ಸೂಕ್ಷ್ಮ ಹನಿಗಳು ಮಾತಾಡುವಾಗಿಗಿಂತ ಎಷ್ಟೋ ಜಾಸ್ತಿ. ಅಲ್ಲಿ ಒಬ್ಬನಿಗೆ ಇದ್ದರೆ ತುಮಕೂರು ಬರುವ ಹೊತ್ತಿಗೆ ಅರ್ಧ ತಂಡಕ್ಕೆ ಉಸಿರಿನ ಪಾಲು ಸಿಕ್ಕಿರುತ್ತದೆ. ಪಂದ್ಯದಲ್ಲಿ ಎದುರಾಳಿಯಿಂದ ಬರುವುದಕ್ಕಿಂತ ಇದು ನೂರು ಪಾಲು ಸುಲಭದ ದಾರಿ. ಎಸಿ ಆರಿಸಿ, ಎದುರುಬದುರು ಕಿಟಕಿ ತೆರೆದು ಹೋಗಿ ಎಂದರೆ ‘ಧೂಳು ಸಾರ್’ ಅಂತಾರೆ. ಧೂಳು ತೊಳೆದರೆ ಹೋಗುತ್ತದೆ.

ದುಡ್ಡಿದ್ದವರು ಇದಕ್ಕೆಲ್ಲ ಏನು ಮಾಡಿದರು ಅಂತ ಈಗ ನೋಡೋಣ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ 2020ರ ಮಾರ್ಚ್ 12ರಂದು ಸೀಸನ್ ನಿಲ್ಲಿಸಿತು. ಆಗಸ್ಟ್ 1ರಂದು ಮತ್ತೆ ಶುರು. ಕೆನಡಾದ ಟೊರಾಂಟೊ, ಎಡ್ಮಂಟನ್ ಎರಡೇ ಊರು, 24 ತಂಡ, ಒಂದೊಂದು ತಂಡಕ್ಕೆ ಗರಿಷ್ಠ 52 ಜನ. ಹೋಟೆಲು, ಊಟದ ಹಾಲ್, ಸ್ಟೇಡಿಯಂ, ಎಲ್ಲದರ ಸುತ್ತ ಬೇಲಿ. ಇದನ್ನೇ ಬಬಲ್ ಅಂದರು. ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ, ಪ್ರೇಕ್ಷಕರಂತೂ ಇಲ್ಲವೇ ಇಲ್ಲ. ಪ್ರತಿದಿನ ಎಲ್ಲರಿಗೂ ಪರೀಕ್ಷೆ. ಸೆಪ್ಟೆಂಬರ್ 28ರಂದು ಟ್ಯಾಂಪಾ ಬೇ ಲೈಟ್ನಿಂಗ್ ತಂಡ ಡಲ್ಲಾಸ್ ಸ್ಟಾರ್ಸ್ ಮೇಲೆ ಗೆದ್ದು ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಎತ್ತುವವರೆಗೆ 33 ಸಾವಿರಕ್ಕೂ ಹೆಚ್ಚು ಪರೀಕ್ಷೆ ನಡೆದವು. ಒಂದೂ ಪಾಸಿಟಿವ್ ಇಲ್ಲ. ವೈದ್ಯನಾಗಿ ಹೇಳುತ್ತೇನೆ, ಇದು ಸಣ್ಣ ಸಾಧನೆಯಲ್ಲ.

ಪ್ರತಿದಿನ ಯಾಕೆ ಅಂತ ಜನ ಕೇಳುತ್ತಾರೆ. ಸೋಂಕು ತಗುಲಿದ ಮೊದಲ ಒಂದೆರಡು ದಿನ ಆರ್‌ಟಿ-ಪಿಸಿಆರ್ ಕೂಡ ನೆಗೆಟಿವ್ ತೋರಿಸಬಹುದು. ವೈರಸ್ ಇನ್ನೂ ಮೂಗಿನಲ್ಲಿ ಬೆಳೆದಿರುವುದಿಲ್ಲ. ಸೋಮವಾರದ ನೆಗೆಟಿವ್ ರಿಪೋರ್ಟ್ ಹಿಡಿದುಕೊಂಡು ಶುಕ್ರವಾರ ಆಡುವುದು ನಮ್ಮಲ್ಲಿ ಬಹಳ ನಡೆಯಿತು. ಆ ಕಾಗದಕ್ಕೆ ಶುಕ್ರವಾರ ಅಂಥ ಬೆಲೆಯೇನೂ ಇಲ್ಲ.

ಆದರೆ ಇದೇ ಎನ್‌ಎಚ್‌ಎಲ್ ಬಬಲ್ ಬಿಟ್ಟು ಹೊರಗೆ ಬಂದಾಗ ಏನಾಯಿತು? 2021ರ ಜನವರಿ 13ರಂದು ಮುಂದಿನ ಸೀಸನ್, ಒಂದೊಂದು ತಂಡಕ್ಕೆ 56 ಪಂದ್ಯ. ಗಡಿ ಮುಚ್ಚಿದ್ದರಿಂದ ಕೆನಡಾದ ಏಳು ತಂಡಗಳನ್ನು ಬೇರೆ ಗುಂಪು ಮಾಡಿದರು. ಆಟಗಾರರು ಮನೆಯಲ್ಲೇ ಇದ್ದರು, ಊರೂರು ಸುತ್ತಿದರು. ಡಲ್ಲಾಸ್ ತಂಡಕ್ಕೆ ಅಭ್ಯಾಸ ಶಿಬಿರದಲ್ಲೇ ಸೋಂಕು. ಮಾರ್ಚ್ ಕೊನೆಯಲ್ಲಿ ವ್ಯಾಂಕೂವರ್ ಕನಕ್ಸ್ ತಂಡದೊಳಗೆ ಹೊಕ್ಕ ವೈರಸ್ 21 ಆಟಗಾರರನ್ನು ಮಲಗಿಸಿತು. ಅವರದೇ ವೈದ್ಯರು, ಅವರದೇ ಪರೀಕ್ಷೆ, ಅವರದೇ ನಿಯಮ, ಎಲ್ಲ ಇತ್ತು. ಬದಲಾದದ್ದು ಬೇಲಿ ಮತ್ತು ಹೊಸ ರೂಪಾಂತರ ತಳಿ. ಆದರೂ ಸೀಸನ್ ಮುಗಿಯಿತು. ಪಂದ್ಯ ಮುಂದೂಡಿದರು, ತಡವಾಗಿ ಮುಗಿಸಿದರು.

ಒಂದು ಹಳೆಯ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. 1919ರಲ್ಲಿ ಇನ್‌ಫ್ಲುಯೆಂಜಾ ಮಹಾಮಾರಿ ಇದ್ದಾಗ ಸಿಯಾಟಲ್‌ನಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್ ನಡೆಯುತ್ತಿತ್ತು. ಸಿಯಾಟಲ್ ಮೆಟ್ರೊಪಾಲಿಟನ್ಸ್, ಮಾಂಟ್ರಿಯಲ್ ಕೆನೇಡಿಯನ್ಸ್. ಐದು ಪಂದ್ಯ ಆದ ಮೇಲೆ ಎರಡು ಎರಡು ಗೆಲುವು, ಒಂದು ಡ್ರಾ. ಆಟಗಾರರು ಜ್ವರದಿಂದ ಏಳಲಾಗದೆ ಸರಣಿ ನಿಂತಿತು. ಮಾಂಟ್ರಿಯಲ್‌ನ ಜೋ ಹಾಲ್ ನ್ಯುಮೋನಿಯಾದಿಂದ ಏಪ್ರಿಲ್ 5ರಂದು ತೀರಿಕೊಂಡರು. ಆ ವರ್ಷ ಕಪ್ ಯಾರಿಗೂ ಸಿಗಲಿಲ್ಲ. ಅವರಿಗೆ ಪರೀಕ್ಷೆ, ಲಸಿಕೆ ಏನೂ ಇರಲಿಲ್ಲ. ನೂರು ವರ್ಷದಲ್ಲಿ ನಾವು ಎಷ್ಟು ದೂರ ಬಂದಿದ್ದೇವೆ ಅನ್ನುವುದಕ್ಕೆ ಈ ಎರಡು ಸ್ಟ್ಯಾನ್ಲಿ ಕಪ್ ಸಾಕು.

ನಮ್ಮ ದೇಶಕ್ಕೆ ಬಂದರೆ, ಕೋವಿಡ್ ಕಾಲದಲ್ಲಿ ಇಲ್ಲಿ ವೃತ್ತಿಪರ ಹಾಕಿ ಲೀಗೇ ಇರಲಿಲ್ಲ. ಹಾಕಿ ಇಂಡಿಯಾ ಲೀಗ್ 2017ಕ್ಕೆ ನಿಂತದ್ದು ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್‌ನಲ್ಲಿ. ಹಾಗಾಗಿ ಬೇರೆ ಆಟಗಳನ್ನು ನೋಡಬೇಕು. 2020ರ ಐಪಿಎಲ್ ಯುಎಇಯಲ್ಲಿ ಬಬಲ್ ಒಳಗೆ ಮುಗಿಯಿತು. 2021ರ ಐಪಿಎಲ್ ಭಾರತದಲ್ಲಿ ಊರಿಂದೂರಿಗೆ ಓಡಾಡಿತು, ಬಬಲ್ ಒಳಗೇ ಪಾಸಿಟಿವ್ ಬಂದು ಮೇ 4ರಂದು ನಿಂತಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರೊ ಕಬಡ್ಡಿಯನ್ನು ಬೆಂಗಳೂರಿನ ವೈಟ್‌ಫೀಲ್ಡ್‌ನ ಒಂದೇ ಹೋಟೆಲ್‌ನಲ್ಲಿ ನಡೆಸಿದರು. ಮಲಗುವುದೂ ಅಲ್ಲೇ, ಆಡುವುದೂ ಅಲ್ಲೇ. ಓಮಿಕ್ರಾನ್ ಅಲೆ ಬಂದು ಎರಡು ತಂಡಗಳಲ್ಲಿ ಸೋಂಕಾದರೂ ವೇಳಾಪಟ್ಟಿ ಬದಲಿಸಿ ಮುಗಿಸಿದರು. ಕಬಡ್ಡಿ ಅಂದರೆ ಮೈಮೇಲೆ ಮೈ ಬೀಳುವ ಆಟ, ಹಾಕಿಗಿಂತ ಎಷ್ಟೋ ಹತ್ತಿರ. ಆದರೂ ನಡೆಯಿತು, ಅಲ್ವಾ? ಪ್ರಯಾಣ ಇರಲಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ನಡೆಸಲು ಆಗುತ್ತದೆ, ಸರಿ. ನಡೆಸಬೇಕಾ? 2021ರ ಏಪ್ರಿಲ್‌ನಲ್ಲಿ ದೆಹಲಿಯ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಇಲ್ಲದೆ ಜನ ಸಾಯುತ್ತಿದ್ದಾಗ ಅದೇ ಊರಿನಲ್ಲಿ ಐಪಿಎಲ್ ಪಂದ್ಯಕ್ಕೆ ಆಂಬುಲೆನ್ಸ್ ಕಾಯುತ್ತಾ ನಿಂತಿತ್ತು. ಟಿವಿಯಲ್ಲಿ ಆಟ ನೋಡಿ ನಾಲ್ಕು ಜನಕ್ಕೆ ನೆಮ್ಮದಿ ಸಿಗುತ್ತದೆ ಅನ್ನುವ ವಾದ ನನಗೂ ಅರ್ಥವಾಗುತ್ತದೆ. ಆದರೆ ನಮ್ಮ ವಾರ್ಡುಗಳಲ್ಲಿ ಪಿಸಿಆರ್ ರಿಪೋರ್ಟ್ ಬರುವುದಕ್ಕೆ ರೋಗಿಗಳು ದಿನಗಟ್ಟಲೆ ಕಾಯುತ್ತಿದ್ದರು. ಅಂಥ ಹೊತ್ತಲ್ಲಿ ಆರೋಗ್ಯವಾಗಿರುವ ಆಟಗಾರರಿಗೆ ದಿನವೂ ಪರೀಕ್ಷೆ ಅಂದರೆ ಒಪ್ಪುವುದು ನನ್ನಂಥವನಿಗೆ ಕಷ್ಟ. ಅದಕ್ಕೇ ನನ್ನ ಲೆಕ್ಕ ಹೀಗೆ: ಲ್ಯಾಬು, ಹಾಸಿಗೆ, ಆಂಬುಲೆನ್ಸ್ ಈ ಮೂರನ್ನು ಊರಿನ ರೋಗಿಗಳಿಂದ ಕಿತ್ತುಕೊಳ್ಳದೆ ಸೀಸನ್ ನಡೆಸಲು ಆಗುವುದಾದರೆ ನಡೆಸಲಿ. ಅಲೆ ಏರುತ್ತಿರುವ ವಾರಗಳಲ್ಲಿ ಬೇಡ.

ನಿಲ್ಲಿಸುವುದಕ್ಕೂ ಬೆಲೆ ಇದೆ ಅನ್ನುವುದನ್ನು ವೈದ್ಯರು ಸುಲಭವಾಗಿ ಮರೆಯುತ್ತಾರೆ. ನಮ್ಮ ಕಡೆಯ ಹಾಕಿ ಹುಡುಗನಿಗೆ ಆಟ ಅಂದರೆ ಕ್ರೀಡಾ ಹಾಸ್ಟೆಲ್‌ನ ಊಟ, ರೈಲ್ವೆಯಲ್ಲೋ ಪೊಲೀಸ್‌ನಲ್ಲೋ ಸ್ಪೋರ್ಟ್ಸ್ ಕೋಟಾದ ಕೆಲಸ. ಹದಿನೇಳು ವರ್ಷದವನಿಗೆ ಎರಡು ವರ್ಷ ಟೂರ್ನಮೆಂಟ್ ಇಲ್ಲ ಅಂದರೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲ ಅಂದರೆ ಅವನು ಅಪ್ಪನ ಜೊತೆ ಮಂಡಿಗೆ ಮೆಕ್ಕೆಜೋಳದ ಚೀಲ ಹೊರಲು ಹೋಗುತ್ತಾನೆ, ಮತ್ತೆ ಸ್ಟಿಕ್ ಹಿಡಿಯುವುದು ಅನುಮಾನ. ಕೊಡಗಿನ ಕೌಟುಂಬಿಕ ಹಾಕಿ ಉತ್ಸವವೂ ಕೋವಿಡ್ ವರ್ಷಗಳಲ್ಲಿ ನಡೆಯದೆ 2023ರಲ್ಲಿ ನಾಪೋಕ್ಲಿನಲ್ಲಿ ಮತ್ತೆ ಶುರುವಾಯಿತು. ಅವರಿಗೆ ಅದು ಮನೆತನದ ಹಬ್ಬ, ಹಾಗಾಗಿ ಎದ್ದು ನಿಂತಿತು. ನಮ್ಮ ಜಿಲ್ಲೆಯಂಥ ಕಡೆ ಒಮ್ಮೆ ನಿಂತ ಟೂರ್ನಮೆಂಟನ್ನು ಮತ್ತೆ ಎಬ್ಬಿಸುವವರು ಕಡಿಮೆ.

ಜಿಲ್ಲಾ ಮಟ್ಟದಲ್ಲಿ ಬಬಲ್ ಕಟ್ಟುವ ದುಡ್ಡು ಯಾರ ಹತ್ತಿರವೂ ಇಲ್ಲ. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ದೂರದ ತಂಡ ಕರೆಯಬೇಡಿ. ದಾವಣಗೆರೆ, ಹರಿಹರ, ಚಿತ್ರದುರ್ಗ, ಬೆಳಿಗ್ಗೆ ಹೊರಟು ಸಂಜೆ ಮನೆ ಸೇರುವಷ್ಟು ದೂರ ಸಾಕು. ರಾತ್ರಿ ಉಳಿಯುವುದಿದ್ದರೆ ಆ ಟೂರ್ನಮೆಂಟ್ ಬಿಟ್ಟುಬಿಡಿ. ಮನೆಯಿಂದಲೇ ಡ್ರೆಸ್ ಹಾಕಿಕೊಂಡು ಬರಲಿ. ತಂಡದ ಮಾತುಕತೆ ಬೇವಿನ ಮರದ ಕೆಳಗೆ ಆಗಲಿ, ಕೋಣೆಯಲ್ಲಿ ಬೇಡ. ನೀರಿನ ಬಾಟಲಿ ಅವರವರದು. ಸಮಾರೋಪಕ್ಕೆ ಮಂತ್ರಿಗಳನ್ನು ಕರೆದು ಪೆಂಡಾಲ್ ಹಾಕಿ ಸಾವಿರ ಜನ ಸೇರಿಸುವುದು ಆಟಕ್ಕಿಂತ ದೊಡ್ಡ ಅಪಾಯ. ಇದನ್ನು ಹೇಳಿದರೆ ಸಂಘದವರ ಮುಖ ಸಣ್ಣಗಾಗುತ್ತದೆ, ಗೊತ್ತು. ಜ್ವರ, ಗಂಟಲು ನೋವು ಇದ್ದವನು ಬರದಿದ್ದರೆ ತಂಡದಿಂದ ಕೈಬಿಡುವುದಿಲ್ಲ ಅಂತ ಕೋಚ್ ಮೊದಲೇ ಎಲ್ಲರ ಮುಂದೆ ಹೇಳಬೇಕು. ಹೇಳದಿದ್ದರೆ ಹುಡುಗ ಡೋಲೊ ನುಂಗಿ ಬಂದು ಸಾಲಿನಲ್ಲಿ ನಿಲ್ಲುತ್ತಾನೆ.

ಲಸಿಕೆ ಬಂದ ಮೇಲೆ ಲೆಕ್ಕ ಬದಲಾಯಿತು. 2021-22ರಲ್ಲಿ ಎನ್‌ಎಚ್‌ಎಲ್‌ನ ಬಹುತೇಕ ಎಲ್ಲ ಆಟಗಾರರು ಲಸಿಕೆ ಹಾಕಿಸಿಕೊಂಡಿದ್ದರು. ಆದರೂ ಓಮಿಕ್ರಾನ್‌ನಿಂದ ಡಿಸೆಂಬರ್‌ನಲ್ಲಿ ಕೆಲವು ದಿನ ಲೀಗ್ ನಿಲ್ಲಿಸಬೇಕಾಯಿತು, ಬೀಜಿಂಗ್ ಒಲಿಂಪಿಕ್ಸ್‌ಗೂ ಆಟಗಾರರನ್ನು ಕಳಿಸಲಿಲ್ಲ. ಲಸಿಕೆ ಸೋಂಕನ್ನು ಪೂರ್ತಿ ತಡೆಯಲಿಲ್ಲ, ಐಸಿಯು ತಪ್ಪಿಸಿತು.

ಕೊನೆಯದಾಗಿ ಹೃದಯದ ವಿಷಯ. ಕ್ಲಿನಿಕ್‌ನಲ್ಲಿ ಈಗಲೂ ನನಗೆ ಎದುರಾಗುವುದು ಇದೇ. ವೈರಸ್ ಜ್ವರದ ನಂತರ ಹೃದಯದ ಸ್ನಾಯು ಊದಿಕೊಳ್ಳಬಹುದು. ಮಯೋಕಾರ್ಡೈಟಿಸ್ ಅನ್ನುತ್ತೇವೆ. ಆಗ ಎನ್‌ಎಚ್‌ಎಲ್‌ನ ಮಿನ್ನೆಸೊಟಾ ವೈಲ್ಡ್ ತಂಡ ಆರಿಸಿಕೊಂಡಿದ್ದ ಆಸ್ಟ್ರಿಯಾ ಹುಡುಗ ಮಾರ್ಕೊ ರೋಸಿ 19ನೇ ವಯಸ್ಸಿನಲ್ಲಿ ಕೋವಿಡ್ ನಂತರ ಇದರಿಂದ ತಿಂಗಳುಗಟ್ಟಲೆ ಆಟ ಬಿಡಬೇಕಾಯಿತು. ಆಮೇಲೆ ಎನ್‌ಎಚ್‌ಎಲ್‌ಗೆ ಬಂದ. ಇದು ಅಪರೂಪ. ಅಮೆರಿಕದ ವೃತ್ತಿಪರ ಲೀಗುಗಳ 789 ಸೋಂಕಿತ ಆಟಗಾರರನ್ನು ಪರೀಕ್ಷಿಸಿದಾಗ ಐವರಲ್ಲಿ ಮಾತ್ರ ಹೃದಯದ ಉರಿಯೂತ ಸಿಕ್ಕಿತು. ಅಪರೂಪ ಅಂತ ಬಿಡುವ ಹಾಗೂ ಇಲ್ಲ, ಓಡುತ್ತಿರುವವನು ಕುಸಿದು ಬೀಳಬಹುದು. ಆದ್ದರಿಂದ ಜ್ವರ ಬಿಟ್ಟ ಮರುದಿನವೇ ಸ್ಪ್ರಿಂಟ್ ಬೇಡ. ಮೊದಲು ನಡಿಗೆ, ಆಮೇಲೆ ನಿಧಾನ ಜಾಗಿಂಗ್, ಮೈ ಒಪ್ಪಿದರೆ ಸ್ಟಿಕ್ ಕೆಲಸ, ಪಂದ್ಯ ಎಲ್ಲಕ್ಕಿಂತ ಕೊನೆಗೆ. ಜಾಗಿಂಗ್‌ನಲ್ಲಿ ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ, ಎದೆ ಡವಡವ ಅಂದು ಕೂತರೂ ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಒಂದು ಇಸಿಜಿ ಮಾಡಿಸಿ ವೈದ್ಯರಿಗೆ ತೋರಿಸಿ. ಆ ಇಸಿಜಿ ನೋಡಿ ವೈದ್ಯರು ಸರಿ ಅನ್ನುವವರೆಗೆ ಫೈನಲ್ ಇದ್ದರೂ ಅವನನ್ನು ಇಳಿಸಬೇಡಿ.