ಹೊಟ್ಟೆ ತೊಳೆಯುವುದಕ್ಕಿಂತ ಮೊದಲು ಉಸಿರು

ವಿಷ ಸೇವಿಸಿದವರನ್ನೋ ಮಿತಿಮೀರಿ ಮಾತ್ರೆ ನುಂಗಿದವರನ್ನೋ ತುರ್ತು ಚಿಕಿತ್ಸಾ ಘಟಕಕ್ಕೆ ಕರೆತಂದ ಬಂಧುಗಳು ಮೊದಲು ಕೇಳುವ ಪ್ರಶ್ನೆ ‘ಹೊಟ್ಟೆ ತೊಳೆದಿರಾ’ ಎಂಬುದು. ವೈದ್ಯರು ಮಾತ್ರ ಆ ಹೊತ್ತಿನಲ್ಲಿ ರೋಗಿಯ ಉಸಿರಾಟ, ನಾಡಿ, ರಕ್ತದೊತ್ತಡಗಳನ್ನು ನೋಡುತ್ತಿರುತ್ತಾರೆ. ಬಂಧುಗಳ ಪ್ರಶ್ನೆಯನ್ನು ಅಜ್ಞಾನವೆನ್ನುವಂತಿಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಹಾಗೆಯೇ ಯೋಚಿಸಿತ್ತು.

1822ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಎಡ್ವರ್ಡ್ ಜೂಕ್ಸ್ ತಾನೇ ಅಫೀಮಿನ ದ್ರಾವಣ ಕುಡಿದು, ಹೊಟ್ಟೆಗೆ ಕೊಳವೆ ಇಳಿಸಿ ಅದನ್ನು ಹೊರತೆಗೆಯುವ ತನ್ನ ಸಾಧನವನ್ನು ಪರೀಕ್ಷಿಸಿದ. ಅದಕ್ಕೂ ಮೊದಲು, 1813ರಲ್ಲಿ, ಫ್ರಾನ್ಸಿನ ಬರ್ಟ್ರಾಂಡ್ ಇದ್ದಿಲಿನ ಪುಡಿಯ ಜೊತೆ ಆರ್ಸೆನಿಕ್ ನುಂಗಿ ಬದುಕಿ ತೋರಿಸಿದ್ದ. ಇಂಥ ದುಸ್ಸಾಹಸಗಳಿಂದ ಬಂದ ಇದ್ದಿಲು ಇಂದಿಗೂ ಬಳಕೆಯಲ್ಲಿದೆ: ನೀರಿನಲ್ಲಿ ಕಲಸಿದ ಈ ಕಪ್ಪು ಗಂಜಿಯ ಅಸಂಖ್ಯ ರಂಧ್ರಗಳ ಗೋಡೆಗೆ ಔಷಧದ ಕಣಗಳು ಅಂಟಿಕೊಳ್ಳುತ್ತವೆ. ಕಬ್ಬಿಣ, ಲಿಥಿಯಂ, ಮದ್ಯಸಾರಗಳು ಅದಕ್ಕೆ ಅಂಟುವುದಿಲ್ಲ, ವಿಷ ಕರುಳು ದಾಟಿ ರಕ್ತ ಸೇರಿದ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನವೂ ಇಲ್ಲ.

ದಿಕ್ಕು ಬದಲಾದದ್ದು ನಿದ್ರೆ ಮಾತ್ರೆಗಳಿಂದ. 1903ರಲ್ಲಿ ಬಾರ್ಬಿಟಾಲ್ ಬಂದ ನಂತರದ ದಶಕಗಳಲ್ಲಿ ಆ ಗುಂಪಿನ ಮಾತ್ರೆಗಳನ್ನು ಹೆಚ್ಚಾಗಿ ನುಂಗಿ ಪ್ರಜ್ಞೆ ತಪ್ಪಿದವರು ಆಸ್ಪತ್ರೆಗಳಿಗೆ ಬರತೊಡಗಿದರು. ನಿದ್ರೆ ಬರಿಸಿದ ಔಷಧಕ್ಕೆ ಎಚ್ಚರಿಸುವ ಔಷಧವೇ ಉತ್ತರ ಎಂಬ ತರ್ಕದಲ್ಲಿ ವೈದ್ಯರು ಪಿಕ್ರೊಟಾಕ್ಸಿನ್, ನಿಕೆತಮೈಡ್‌ನಂಥ ಉತ್ತೇಜಕಗಳನ್ನು ಚುಚ್ಚಿದರು. ಅವುಗಳಿಂದ ಅಪಸ್ಮಾರದಂಥ ಸೆಳೆತ ಬಂದು, ಹೃದಯದ ಬಡಿತ ತಪ್ಪಿ, ಕೆಲವರ ಸ್ಥಿತಿ ಇನ್ನಷ್ಟು ಹದಗೆಟ್ಟಿತು. ಕೋಪನ್‌ಹೇಗನ್‌ನಲ್ಲಿ 1949ರಲ್ಲಿ ವಿಷಚಿಕಿತ್ಸಾ ಕೇಂದ್ರ ತೆರೆದ ಕಾರ್ಲ್ ಕ್ಲೆಮೆಸೆನ್ ಈ ಉತ್ತೇಜಕಗಳನ್ನು ಕೈಬಿಟ್ಟರು. ಶ್ವಾಸನಾಳಕ್ಕೆ ಕೊಳವೆ ಹಾಕಿ ಆಮ್ಲಜನಕ ಕೊಡುವುದು, ಕಫ ಹೀರಿ ತೆಗೆಯುವುದು, ರಕ್ತದೊತ್ತಡ ಕುಸಿಯದಂತೆ ದ್ರವ ಏರಿಸುವುದು, ಆಗಾಗ ಮಗ್ಗುಲು ಬದಲಿಸುವುದು, ದೇಹ ತಾನೇ ಔಷಧವನ್ನು ಹೊರಹಾಕುವವರೆಗೆ ಕಾಯುವುದು: ಅವರ ಚಿಕಿತ್ಸೆ ಇಷ್ಟೇ. ಶೇ 20ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 1–2ಕ್ಕೆ ಇಳಿಯಿತು. ದಾದಿಯರ ಶ್ರಮದ ಮೇಲೆಯೇ ನಿಂತಿದ್ದ ಈ ಸಾಧನೆಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಹೊಟ್ಟೆ ಖಾಲಿ ಮಾಡುವ ನಂಬಿಕೆ ಅಷ್ಟು ಬೇಗ ಹೋಗಲಿಲ್ಲ. ಅದನ್ನು ವಾಡಿಕೆಯಾಗಿ ಮಾಡಬಾರದೆಂದು ವಿಷಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘಟನೆಗಳು ಹೇಳಿದ್ದು 1997ರಲ್ಲಿ. ವಾಂತಿ ಬರಿಸುವ ಇಪಿಕಾಕ್ ಸಿರಪ್ಪನ್ನು ಮನೆಯಲ್ಲಿ ಬಳಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದ್ದು 2003ರಲ್ಲಿ. ಮಂಪರಿನಲ್ಲಿರುವವರು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಉಸಿರನ್ನಷ್ಟೇ ನೋಡಿದರೆ ಸಾಲದ ವಿಷಗಳೂ ಇವೆ. ಪ್ಯಾರಸಿಟಮಾಲ್ ಮಿತಿಮೀರಿದವರು ಮೊದಲ ದಿನ ಬಹುತೇಕ ಆರೋಗ್ಯವಾಗಿಯೇ ಕಾಣುತ್ತಾರೆ, ಯಕೃತ್ತಿನ ಹಾನಿ ಬಯಲಾಗುವುದು ಆಮೇಲೆ. 1970ರ ದಶಕದಲ್ಲಿ ಬಳಕೆಗೆ ಬಂದ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದನ್ನು ಮಾತ್ರೆ ನುಂಗಿದ ಎಂಟು ಗಂಟೆಗಳೊಳಗೆ ಆರಂಭಿಸಿದರೆ ಆ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಅಫೀಮಿನ ಗುಂಪಿನ ಔಷಧಗಳಿಗೆ 1971ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನಲೊಕ್ಸೋನ್ ಎಂಬ ಪ್ರತಿಮದ್ದು ಇದೆ. ನಿಂತೇಹೋದಂತಿದ್ದ ಉಸಿರು ಒಂದೆರಡು ನಿಮಿಷಗಳಲ್ಲಿ ಮರಳುತ್ತದೆ. ಆದರೆ ಅದರ ಪ್ರಭಾವ ಸಾಮಾನ್ಯವಾಗಿ 30ರಿಂದ 90 ನಿಮಿಷ, ಅಫೀಮಿನ ಗುಂಪಿನ ಮೆಥಡೋನ್‌ನಂಥವುಗಳದು ಅದಕ್ಕಿಂತ ಬಹಳ ದೀರ್ಘ. ಆದ್ದರಿಂದ ಎದ್ದು ಕುಳಿತು ಮನೆಗೆ ಹೊರಡುತ್ತೇನೆ ಎನ್ನುವವರನ್ನೂ ಹಾಸಿಗೆಯಲ್ಲೇ ಉಳಿಸಿಕೊಂಡು, ಪಕ್ಕದಲ್ಲಿ ನಿಂತು ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತಾರೆಂದು ಎಣಿಸುತ್ತಿರಬೇಕಾಗುತ್ತದೆ.